ಕೆಟ್ಟಾಗ ಏನಾಗುತ್ತದೆ, ಅದನ್ನು ಮೊದಲು ಕೇಳಿ

(ಮನೆಬಳಕೆಯ ಯಂತ್ರಗಳು ಮತ್ತು ಕಾರುಗಳಲ್ಲಿ ತುಂಬಿಕೊಳ್ಳುತ್ತಿರುವ ಬೇಡದ ತಂತ್ರಜ್ಞಾನದ ಬಗ್ಗೆ ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಅಂಗಡಿಯಲ್ಲಿ ಹೊಸ ಫ್ರಿಜ್ ಮುಂದೆ ನಿಂತಾಗ ಮಾರುವವರು ಏನು ಹೇಳುತ್ತಾರೆ ಗಮನಿಸಿ. ಬಾಗಿಲ ಮೇಲೆ ಪರದೆ ಇದೆ, ಫೋನಿಗೆ ಸಂದೇಶ ಬರುತ್ತದೆ, ಒಳಗಿನದ್ದನ್ನು ಆಫೀಸಿನಿಂದಲೇ ನೋಡಬಹುದು. ತಂಪಾಗಿಸುವ ಕೆಲಸಕ್ಕೂ ಇದಕ್ಕೂ ಸಂಬಂಧವಿಲ್ಲ. ಕಂಪ್ರೆಸರ್ ಯಾವ ಬಗೆಯದು, ಬಾಗಿಲ ರಬ್ಬರ್ ಬೇರೆಯಾಗಿ ಸಿಗುತ್ತದೆಯೇ, ಒಳಗಿನ ಎಲೆಕ್ಟ್ರಾನಿಕ್ ಬೋರ್ಡು ಯಾವ ಕಡೆ ಇದೆ ಎಂದು ನಾವೂ ಕೇಳುವುದಿಲ್ಲ, ಅವರೂ ಹೇಳುವುದಿಲ್ಲ.

ಇದು ಇತ್ತೀಚಿನ ಹುಚ್ಚು ಅಂದುಕೊಳ್ಳಬೇಡಿ. ಇಂಟರ್‌ನೆಟ್ ಇರುವ ಫ್ರಿಜ್ಜನ್ನು ಎಲ್‌ಜಿ ಕಂಪನಿ 2000ರಲ್ಲೇ ತಂದಿತ್ತು. ಬೆಲೆ 20,000 ಡಾಲರಿಗೂ ಮೇಲೆ, ಮಾರುಕಟ್ಟೆಯಲ್ಲಿ ಅದು ಓಡಲಿಲ್ಲ. ಇಪ್ಪತ್ತೈದು ವರ್ಷ ಕಳೆದ ಮೇಲೆ, 2025ರಲ್ಲಿ, ಸ್ಯಾಮ್‌ಸಂಗ್ ಅಮೆರಿಕದಲ್ಲಿ ತನ್ನ ಕೆಲವು ಫ್ರಿಜ್‌ಗಳ ಪರದೆಯ ಮೇಲೆ ಜಾಹೀರಾತು ತೋರಿಸುವ ಪ್ರಯೋಗ ಶುರುಮಾಡಿತು. ಆ ಪರದೆ ಯಾರಿಗೆ ಬೇಕಿತ್ತು ಅನ್ನುವುದು ಈಗ ಸ್ವಲ್ಪ ತಿಳಿಯಾಯಿತು.

ಹಾಗೆಂದು ಎಲೆಕ್ಟ್ರಾನಿಕ್ಸೇ ಬೇಡ ಎಂದು ಹೇಳಲು ನಾನು ಬಂದಿಲ್ಲ. ಯಂತ್ರದೊಳಗಿನ ಎಲೆಕ್ಟ್ರಾನಿಕ್ಸ್‌ನಲ್ಲಿ ಎರಡು ಜಾತಿ. ಒಂದು ಯಂತ್ರದ ಕೆಲಸವನ್ನೇ ಮಾಡುವಂಥದ್ದು. ಇನ್ನೊಂದು ಯಂತ್ರದ ಮುಖದಲ್ಲಿ ಕೂತು ನಮ್ಮ ಜೊತೆ ಮಾತಾಡುವಂಥದ್ದು. ಮೊದಲನೆಯದಕ್ಕೆ ದುಡ್ಡು ಕೊಡುವುದು ಬಹಳ ಸಲ ಲಾಭವೇ. ಎರಡನೆಯದಕ್ಕೆ ಕೊಡುವ ಮುಂಚೆ ಒಂದು ಪ್ರಶ್ನೆ ಕೇಳಬೇಕು: ಇದು ಕೆಟ್ಟರೆ ಯಂತ್ರ ನಡೆಯುತ್ತದೆಯೋ, ಜೊತೆಗೆ ಅದೂ ಮಲಗುತ್ತದೆಯೋ?

ಫ್ಯಾನನ್ನೇ ತೆಗೆದುಕೊಳ್ಳಿ. ಹಳೆಯ ಸೀಲಿಂಗ್ ಫ್ಯಾನು ಪೂರ್ತಿ ವೇಗದಲ್ಲಿ ಸುಮಾರು 75 ವ್ಯಾಟ್ ಎಳೆಯುತ್ತದೆ. ಬಿಎಲ್‌ಡಿಸಿ (ಬ್ರಷ್ ಇಲ್ಲದ, ಎಲೆಕ್ಟ್ರಾನಿಕ್ ಬೋರ್ಡು ಓಡಿಸುವ) ಮೋಟಾರಿನ ಫ್ಯಾನು ಅಷ್ಟೇ ಗಾಳಿಗೆ 30 ವ್ಯಾಟ್ ಆಸುಪಾಸಿನಲ್ಲಿ ಮುಗಿಸುತ್ತದೆ. ದಿನಕ್ಕೆ 12 ಗಂಟೆ, ವರ್ಷಕ್ಕೆ 300 ದಿನ ಓಡಿದರೆ ಉಳಿಯುವುದು 162 ಯೂನಿಟ್. ಯೂನಿಟ್ಟಿಗೆ 6 ರೂಪಾಯಿ ಹಿಡಿದರೂ 970 ರೂಪಾಯಿ ಆಯಿತು. ಫ್ಯಾನಿಗೆ ಹೆಚ್ಚು ಕೊಟ್ಟ ಹಣ ಎರಡು ಮೂರು ವರ್ಷದಲ್ಲಿ ಹಿಂದಕ್ಕೆ ಬರುತ್ತದೆ. ಇದು ಕೆಲಸ ಮಾಡುವ ಬೋರ್ಡು. ಅದೇ ಫ್ಯಾನಿಗೆ ವೈಫೈ ಸೇರಿಸಿದರೆ ಗಾಳಿ ಒಂದಿಷ್ಟೂ ಹೆಚ್ಚುವುದಿಲ್ಲ. ಬಿಎಲ್‌ಡಿಸಿ ಕೊಳ್ಳುವಾಗ ಎರಡು ವಿಷಯ ನೋಡಿ. ಕರೆಂಟು ಹೋಗಿ ಬಂದಾಗ ಹಿಂದಿನ ವೇಗಕ್ಕೇ ಮರಳಬೇಕು. ರಿಮೋಟ್ ಕಳೆದರೂ ಗೋಡೆಯ ಸ್ವಿಚ್ಚಿನಿಂದ ವೇಗ ಬದಲಿಸಲು ದಾರಿ ಇರಬೇಕು. ಸ್ವಿಚ್ಚನ್ನು ಬೇಗ ಆರಿಸಿ ಹಾಕಿದರೆ ವೇಗ ಬದಲಾಗುವ ಮಾದರಿಗಳಿವೆ. ಕೂರಿಸುವಾಗ ಹಳೆಯ ರೆಗ್ಯುಲೇಟರನ್ನು ಸರ್ಕ್ಯೂಟಿನಿಂದ ತೆಗೆಸಿ ನೇರ ಲೈನ್ ಕೊಡಿಸಿ. ಹಳೆ ರೆಗ್ಯುಲೇಟರಿನ ಮೂಲಕ ಓಡಿಸಿದರೆ ಫ್ಯಾನಿನ ಬೋರ್ಡು ಬೇಗ ಹೋಗುತ್ತದೆ, ವಾರಂಟಿಯೂ ಸಿಗದಿರಬಹುದು.

ಬೋರ್ಡು ಹೋಗುತ್ತದೆ ಅಂದೆ. ನಮ್ಮ ಕಡೆ ಯಾಕೆ ಇಷ್ಟು ಹೋಗುತ್ತವೆ ಎಂದು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಉಳಿದ ಲೆಕ್ಕವೆಲ್ಲ ಇದರ ಮೇಲೆ ನಿಂತಿದೆ.

ಬೀದಿಯಲ್ಲಿ ಬರುವ ಲೈನು ಮೂರು ಫೇಸ್ ಮತ್ತು ಒಂದು ನ್ಯೂಟ್ರಲ್. ಒಂದೊಂದು ಮನೆಗೆ ಒಂದೊಂದು ಫೇಸ್ ಹಂಚಿರುತ್ತಾರೆ. ಗಾಳಿಗೆ, ಕೊಂಬೆ ಬಿದ್ದು, ಇಲ್ಲವೇ ಜಾಯಿಂಟ್ ಸಡಿಲವಾಗಿ ನ್ಯೂಟ್ರಲ್ ಕಿತ್ತುಹೋಯಿತು ಅಂದುಕೊಳ್ಳಿ. ಆಗ ಬೇರೆ ಬೇರೆ ಫೇಸಿನ ಮನೆಗಳು ಒಂದರ ಹಿಂದೆ ಒಂದು ಸರಣಿಯಲ್ಲಿ ಸಿಕ್ಕಿಕೊಂಡು 415 ವೋಲ್ಟನ್ನು ತಮ್ಮೊಳಗೆ ಹಂಚಿಕೊಳ್ಳುತ್ತವೆ. ಹಂಚಿಕೆ ಸಮವಾಗಿರುವುದಿಲ್ಲ. ಪಕ್ಕದ ಮನೆಯಲ್ಲಿ ಗೀಸರ್ ಓಡುತ್ತಿದ್ದು ನಿಮ್ಮಲ್ಲಿ ಎರಡು ದೀಪ ಮಾತ್ರ ಇದ್ದರೆ ಹೆಚ್ಚಿನ ವೋಲ್ಟೇಜ್ ನಿಮ್ಮ ಮನೆಗೇ. 350 ವೋಲ್ಟ್ ದಾಟುವುದು ಅಪರೂಪವಲ್ಲ. ಹಳೆಯ ಫ್ಯಾನು ಆ ಹೊತ್ತಿಗೆ ಭರ್ರನೆ ತಿರುಗಿ ಬಿಸಿಯಾಗುತ್ತದೆ, ಬೇಗ ಆರಿಸಿದರೆ ಬದುಕುತ್ತದೆ. ಬೋರ್ಡು ಇರುವ ಯಂತ್ರದಲ್ಲಿ ಮೊದಲು ಸಾಯುವುದು ವೇರಿಸ್ಟರ್, ಬಾಯಲ್ಲಿ ಎಂಓವಿ ಅನ್ನುತ್ತೇವಲ್ಲ, ನೀಲಿಯೋ ಹಳದಿಯೋ ಬಣ್ಣದ ಬಿಲ್ಲೆ. ವೋಲ್ಟೇಜ್ ಮಿತಿ ಮೀರಿದಾಗ ತಾನೇ ಶಾರ್ಟ್ ಆಗಿ ಫ್ಯೂಸ್ ಹಾರಿಸುವುದೇ ಅದರ ಕೆಲಸ. ಅದೃಷ್ಟವಿದ್ದರೆ ಹಾನಿ ಅಷ್ಟಕ್ಕೇ ನಿಲ್ಲುತ್ತದೆ. ವೇರಿಸ್ಟರ್ ಮತ್ತು ಫ್ಯೂಸ್ ಎರಡೂ ಸೇರಿ ಬಿಡಿಭಾಗದ ಅಂಗಡಿಯಲ್ಲಿ ಹತ್ತಾರು ರೂಪಾಯಿ ಅಷ್ಟೇ. ಆದರೆ ಸರ್ವಿಸ್ ಸೆಂಟರಿನ ಪಟ್ಟಿಯಲ್ಲಿ ಆ ಬಿಲ್ಲೆಗೆ ಪಾರ್ಟ್ ನಂಬರೇ ಇರುವುದಿಲ್ಲ. ಇರುವುದು ಇಡೀ ಬೋರ್ಡಿಗೆ, ಅದರ ಬೆಲೆ ಸಾವಿರಗಳಲ್ಲಿ. ಹಾಗಾಗಿ ಹೊಸ ಬೋರ್ಡಿಗೆ ಒಪ್ಪುವ ಮೊದಲು ಕಾಂಪೊನೆಂಟ್ ಮಟ್ಟದಲ್ಲಿ ರಿಪೇರಿ ಮಾಡುವವರಿಗೆ ತೋರಿಸಿ. ನೀವೇ ಬಿಚ್ಚಲು ಹೋಗಬೇಡಿ. ಇನ್ವರ್ಟರ್ ಬೋರ್ಡಿನ (ಮೋಟಾರಿನ ವೇಗ ಬದಲಿಸುವ ಬೋರ್ಡು) ದೊಡ್ಡ ಕೆಪಾಸಿಟರಿನಲ್ಲಿ ಪ್ಲಗ್ ಕಿತ್ತ ಮೇಲೂ 300 ವೋಲ್ಟಿನಷ್ಟು ಡಿಸಿ ಸ್ವಲ್ಪ ಹೊತ್ತು ಉಳಿದಿರುತ್ತದೆ.

ಇದಕ್ಕೆ ತಡೆ ಒಂದಿದೆ. ಮೀಟರಿನ ನಂತರ, ಮನೆಯ ಟ್ರಿಪ್ ಸ್ವಿಚ್ಚುಗಳಿರುವ ಡಿಬಿ ಬಾಕ್ಸಿನಲ್ಲಿ, ಓವರ್ ವೋಲ್ಟೇಜ್–ಅಂಡರ್ ವೋಲ್ಟೇಜ್ ರಿಲೇ ಹಾಕಿಸಿ. 270 ವೋಲ್ಟ್ ದಾಟಿದರೆ ಅಥವಾ 170ಕ್ಕಿಂತ ಇಳಿದರೆ ಕತ್ತರಿಸುವಂತೆ, ಸರಿಹೋದ ಮೇಲೂ ಮೂರು ನಿಮಿಷ ಕಾದು ಕರೆಂಟು ಕೊಡುವಂತೆ ಹೊಂದಿಸಿ. ಆ ಮೂರು ನಿಮಿಷ ಕಂಪ್ರೆಸರಿಗಾಗಿ. ಒಳಗಿನ ಗ್ಯಾಸ್ ಒತ್ತಡ ಸಮವಾಗುವ ಮುಂಚೆ ಅದನ್ನು ಎಬ್ಬಿಸಬಾರದು. ಮನೆಯ ಲೋಡಿಗೆ ತಕ್ಕಂತೆ 40 ಅಥವಾ 63 ಆಂಪಿಯರಿನದು ಸಾಕು. ಸ್ಮಾರ್ಟ್ ಪ್ಲಗ್ಗಿಗೆ ಕೊಡುವ ದುಡ್ಡನ್ನು ಇಲ್ಲಿ ಹಾಕಿ.

ಇನ್ನೊಬ್ಬ ಶತ್ರು ಹಲ್ಲಿ. ಹಾಸ್ಯವಲ್ಲ. ಬೋರ್ಡು ಬೆಚ್ಚಗಿರುತ್ತದೆ, ಹಲ್ಲಿ, ಜಿರಲೆ, ಇರುವೆಗಳಿಗೆ ಅದೇ ಬೇಕು. ಬೋರ್ಡಿನ ಎರಡು ತಾಮ್ರದ ಗೆರೆಗಳ ನಡುವೆ ಹಲ್ಲಿ ಮೈಚಾಚಿದರೆ ಹಲ್ಲಿಯೂ ಹೋಯಿತು, ಬೋರ್ಡೂ ಹೋಯಿತು. ಎಸಿಯ ಹೊರಘಟಕದಲ್ಲೂ ವಾಷಿಂಗ್ ಮಷಿನ್ ತಳದಲ್ಲೂ ಇದು ಸಾಮಾನ್ಯ. ತಳ ತೆರೆದಿರುವ ಟಾಪ್ ಲೋಡ್ ಮಷಿನ್ನಿಗೆ ಇಲಿ ತಡೆಯುವ ತಗಡು ಹಾಕಿಸಿ. ಕರಾವಳಿಯಲ್ಲಿ ಉಪ್ಪುಗಾಳಿಯೂ ಸೇರಿಕೊಳ್ಳುತ್ತದೆ. ಅಲ್ಲಿನವರು ಬೋರ್ಡಿನ ಮೇಲೆ ಅಂಟಿನಂಥ ಲೇಪನ ಇದೆಯೇ ಎಂದು ಕೇಳಿಯೇ ಕೊಳ್ಳಬೇಕು.

ಈಗ ವಾಷಿಂಗ್ ಮಷಿನ್. ಸೆಮಿ ಆಟೋಮ್ಯಾಟಿಕ್‌ನಲ್ಲಿ ಎರಡು ಮೋಟಾರು, ಎರಡು ಕೆಪಾಸಿಟರು, ಸ್ಪ್ರಿಂಗ್ ಟೈಮರು, ಒಂದು ಬೆಲ್ಟು. ಮೋಟಾರು ಗುಂಯ್ ಅನ್ನುತ್ತಾ ತಿರುಗದಿದ್ದರೆ ಹತ್ತರಲ್ಲಿ ಆರೇಳು ಸಲ ಕೆಪಾಸಿಟರ್. ತಾಲ್ಲೂಕು ಕೇಂದ್ರದಲ್ಲೂ ಅರ್ಧ ಗಂಟೆಯ ಕೆಲಸ. ಫುಲ್ಲಿ ಆಟೋಮ್ಯಾಟಿಕ್‌ನ ಬೋರ್ಡು ನೀರಿನ ಮಟ್ಟ, ಬಟ್ಟೆಯ ತೂಕ, ಡ್ರಮ್ಮಿನ ವಾಲಿಕೆ ಎಲ್ಲ ನೋಡಿಕೊಳ್ಳುತ್ತದೆ. ಅದು ಕೆಲಸದ ಬೋರ್ಡು, ಇರಲಿ. ಫೋನಿನಿಂದ ಶುರುಮಾಡುವ ಸೌಲಭ್ಯದ ಮಾತೇ ಬೇರೆ. ಬಟ್ಟೆ ತುಂಬಿ, ಪುಡಿ ಹಾಕಿ, ಬಾಗಿಲು ಮುಚ್ಚಿ, ನಲ್ಲಿ ತೆರೆದು, ರಿಮೋಟ್ ಸ್ಟಾರ್ಟ್ ಗುಂಡಿ ಒತ್ತಿ ಹೋಗಬೇಕು. ಅಷ್ಟೆಲ್ಲ ಮಾಡಿದವರು ಇನ್ನೊಂದು ಗುಂಡಿ ಒತ್ತಲಾರರೇ? ತಡವಾಗಿ ಶುರುವಾಗಬೇಕಿದ್ದರೆ ಪ್ಯಾನೆಲ್ಲಿನಲ್ಲೇ ಡಿಲೇ ಸ್ಟಾರ್ಟ್ ಇದೆ.

ಆ್ಯಪು ಪರಿಹರಿಸದ ನಿಜವಾದ ತೊಂದರೆ ನೀರಿನದು. ಇನ್‌ಲೆಟ್ ವಾಲ್ವಿಗೆ (ನೀರು ಒಳಬಿಡುವ ಕವಾಟ) ಸಾಮಾನ್ಯವಾಗಿ 0.3 ಬಾರ್ ಆಸುಪಾಸಿನ ಒತ್ತಡ ಬೇಕು. ಅಂದರೆ ಟ್ಯಾಂಕಿನ ನೀರಿನ ಮಟ್ಟ ವಾಲ್ವಿಗಿಂತ 3 ಮೀಟರ್ ಮೇಲಿರಬೇಕು. ಮೇಲಿನ ಮಹಡಿಯಲ್ಲಿ, ತಾರಸಿಯ ಮೇಲೆ ನೇರ ಕೂರಿಸಿದ ಟ್ಯಾಂಕಿನಿಂದ ಇದು ಸಿಗುವುದಿಲ್ಲ. ಮಷಿನ್ ನೀರು ತುಂಬುವುದು ನಿಧಾನವಾಗಿ, ಕೊನೆಗೆ ಎರರ್ ತೋರಿಸಿ ನಿಲ್ಲುತ್ತದೆ. ಆ್ಯಪು ಆ ಎರರನ್ನು ಫೋನಿಗೂ ಕಳಿಸುತ್ತದೆ, ಅಷ್ಟೇ. ಮಾಡಬೇಕಾದದ್ದು ಟ್ಯಾಂಕಿಗೆ ಕಟ್ಟೆ ಎತ್ತರಿಸುವುದು ಅಥವಾ ಸಣ್ಣ ಪ್ರೆಶರ್ ಪಂಪು ಹಾಕುವುದು. ಅದಕ್ಕೂ ಮೊದಲು ನಲ್ಲಿ ಮುಚ್ಚಿ, ಪ್ಲಗ್ ಕಿತ್ತು, ಪೈಪನ್ನು ಮಷಿನ್ನಿನ ಹಿಂಬದಿಯಿಂದ ತಿರುಗಿಸಿ ಬಿಚ್ಚಿ. ವಾಲ್ವಿನ ಬಾಯಲ್ಲಿ ಪ್ಲಾಸ್ಟಿಕ್ ಜರಡಿ ಕಾಣುತ್ತದೆ. ಇಕ್ಕಳದಲ್ಲಿ ಮೆಲ್ಲಗೆ ಎಳೆದು, ಹಳೆ ಹಲ್ಲುಜ್ಜುವ ಬ್ರಷ್‌ನಿಂದ ತೊಳೆಯಿರಿ. ಬೋರ್‌ವೆಲ್ ನೀರಿನ ಮನೆಗಳಲ್ಲಿ ಮರಳು ಮತ್ತು ಸುಣ್ಣದ ಹರಳು ಕಟ್ಟಿಕೊಂಡಿರುವುದು ಅಲ್ಲೇ. ಸರ್ವಿಸ್‌ಗೆ ಫೋನ್ ಮಾಡುವ ಮುಂಚೆ ಇದನ್ನು ನೋಡಿ.

ಗೀಸರಿನ ವಿಷಯ ಬರೀ ಲೆಕ್ಕ. 15 ಲೀಟರ್ ನೀರನ್ನು 25 ಡಿಗ್ರಿಯಿಂದ 60ಕ್ಕೆ ಏರಿಸಲು 0.6 ಯೂನಿಟ್ ಬೇಕು. 2 ಕಿಲೋವ್ಯಾಟ್ ಎಲಿಮೆಂಟಿಗೆ ಹದಿನೆಂಟು ನಿಮಿಷ. ಎದ್ದ ತಕ್ಷಣ ಸ್ವಿಚ್ ಹಾಕಿ ಹಲ್ಲುಜ್ಜಿ ಕಾಫಿ ಕುಡಿಯುವಷ್ಟರಲ್ಲಿ ನೀರು ಸಿದ್ಧ. ವೈಫೈ ಗೀಸರ್ ಉಳಿಸುವುದು ಈ ಹದಿನೆಂಟು ನಿಮಿಷವನ್ನು. ಆರಿಸಲು ಮರೆಯುವವರಿಗೆ ಸ್ವಿಚ್ ಬೋರ್ಡಿನಲ್ಲೇ ಕೂರುವ ಮೆಕ್ಯಾನಿಕಲ್ ಟೈಮರ್ ಸಿಗುತ್ತದೆ; 16 ಆಂಪಿಯರಿನದೇ ಕೊಳ್ಳಿ, 6ರದ್ದು ಕರಗಿ ಹೋಗುತ್ತದೆ. ಗೀಸರಿನ ಆಯುಷ್ಯ ನಿಂತಿರುವುದು ಒಳಗಿನ ಮೆಗ್ನೀಸಿಯಂ ಸರಳಿನ ಮೇಲೆ. ಟ್ಯಾಂಕಿನ ಬದಲು ತಾನು ಸವೆಯುವುದೇ ಅದರ ಕೆಲಸ. ಗಡಸು ನೀರಿದ್ದರೆ ಎರಡು ವರ್ಷಕ್ಕೊಮ್ಮೆ ತೆಗೆಸಿ ನೋಡಿ. ಪೆನ್ಸಿಲ್‌ಗಿಂತ ಸಣ್ಣಗಾಗಿದ್ದರೆ ಬದಲಿಸಿ. ಅದು ಸವೆದಿದೆ ಎಂದು ಯಾವ ಆ್ಯಪೂ ಹೇಳಿದ್ದನ್ನು ನಾನು ಕಂಡಿಲ್ಲ.

ಅಡುಗೆಮನೆಯಲ್ಲಿ ಟಚ್ ಪ್ಯಾನೆಲ್ ಅನ್ನುವುದೇ ತಪ್ಪು ಜಾಗದಲ್ಲಿನ ವಸ್ತು. ಗಾಜಿನ ಕೆಳಗಿನ ಸೆನ್ಸರ್ ಬೆರಳನ್ನು ಗುರುತಿಸುವುದು ವಿದ್ಯುತ್ ಧಾರಕತೆಯ, ಅಂದರೆ ವಿದ್ಯುತ್ ಹಿಡಿದಿಡುವ ಗುಣದ, ಸಣ್ಣ ಬದಲಾವಣೆಯಿಂದ. ನೀರಿನ ಹನಿಯೂ ಅದೇ ಬದಲಾವಣೆ ಮಾಡುತ್ತದೆ. ಇಂಡಕ್ಷನ್ ಒಲೆಯ ಮೇಲೆ ಹಾಲು ಉಕ್ಕಿದಾಗ, ಬೇಗ ಆರಿಸಬೇಕಾದ ಆ ಗಳಿಗೆಯಲ್ಲೇ, ಟಚ್ ಬಟನ್ ಸ್ಪಂದಿಸುವುದಿಲ್ಲ. ಒತ್ತುವ ಗುಂಡಿಯ ಮಾದರಿ ಕೊಳ್ಳಿ. ಮಿಕ್ಸಿಗೆ ಮೂರು ವೇಗದ ತಿರುಗುಗುಂಡಿ ಮತ್ತು ತಳದಲ್ಲಿ ಕೆಂಪು ಓವರ್‌ಲೋಡ್ ಬಟನ್ ಇದ್ದರೆ ಮುಗಿಯಿತು.

ಇನ್ನು ಸದಾ ಎಚ್ಚರವಿರುವ ವೈಫೈ ಚಿಪ್ಪುಗಳು. ನಿರಂತರ 1 ವ್ಯಾಟ್ ಅಂದರೆ ವರ್ಷಕ್ಕೆ 8.76 ಯೂನಿಟ್. ತಲಾ 2 ವ್ಯಾಟಿನ ಐದು ಸಾಮಾನುಗಳಿದ್ದರೆ 87 ಯೂನಿಟ್ ಸುಮ್ಮನೆ ಹೋಯಿತು. ಬಿಎಲ್‌ಡಿಸಿ ಫ್ಯಾನು ಉಳಿಸಿದ್ದರಲ್ಲಿ ಅರ್ಧಕ್ಕಿಂತ ಹೆಚ್ಚು.

ಬಿಲ್ಲಿಗಿಂತ ದೊಡ್ಡ ತೊಂದರೆ, ಇವು ನಂಬಿರುವ ಸರ್ವರ್ ನಮ್ಮದಲ್ಲ. ರಿವಾಲ್ವ್ ಎಂಬ ಮನೆ ನಿಯಂತ್ರಣದ ಪೆಟ್ಟಿಗೆಯನ್ನು ಗೂಗಲ್ ಬಳಗದ ನೆಸ್ಟ್ ಕಂಪನಿ 2016ರ ಮೇ ತಿಂಗಳಲ್ಲಿ ನಿಲ್ಲಿಸಿತು. ಕೊಂಡವರ ಕೈಯಲ್ಲಿ ಉಳಿದದ್ದು ಖಾಲಿ ಪ್ಲಾಸ್ಟಿಕ್. 2022ರ ಏಪ್ರಿಲ್‌ನಲ್ಲಿ ಇನ್‌ಸ್ಟಿಯಾನ್ ಎಂಬ ಇಂಥದೇ ಕಂಪನಿಯ ಸರ್ವರ್‌ಗಳು ಮುನ್ಸೂಚನೆಯಿಲ್ಲದೆ ಆರಿದವು. 2025ರ ಅಕ್ಟೋಬರ್ 20ರಂದು ಅಮೆಜಾನಿನ ಕ್ಲೌಡ್ ಸೇವೆ ಕೈಕೊಟ್ಟಾಗ ಅಮೆರಿಕದಲ್ಲಿ ಜನರ ಸ್ಮಾರ್ಟ್ ಹಾಸಿಗೆಗಳು ಬಿಸಿಯಲ್ಲೇ ಸಿಕ್ಕಿಕೊಂಡವು. ಕಂಪನಿ ಮುಳುಗದಿದ್ದರೂ ಇನ್ನೊಂದು ಗಂಡಾಂತರವಿದೆ. ಸರ್ವರನ್ನು ನಂಬಲು ಸಾಧನದೊಳಗೆ ಭದ್ರತಾ ಸರ್ಟಿಫಿಕೇಟ್ ಇಟ್ಟಿರುತ್ತಾರೆ, ಅದಕ್ಕೊಂದು ಕೊನೆಯ ದಿನಾಂಕ ಇರುತ್ತದೆ. 2021ರ ಸೆಪ್ಟೆಂಬರ್ 30ರಂದು ಬಹಳ ಬಳಕೆಯಲ್ಲಿದ್ದ ಅಂಥದೊಂದು ಸರ್ಟಿಫಿಕೇಟ್ ಅವಧಿ ಮುಗಿದು, ಅಪ್‌ಡೇಟ್ ಕಾಣದ ಹಳೆಯ ಸಾಧನಗಳ ಸಂಪರ್ಕ ಕಡಿಯಿತು. ಹಾರ್ಡ್‌ವೇರ್ ಗಟ್ಟಿಮುಟ್ಟಾಗಿಯೇ ಇತ್ತು. ಫ್ರಿಜ್ ಹದಿನೈದು ವರ್ಷ ಬಾಳುವ ವಸ್ತು. ಅದಕ್ಕೆ ಅಷ್ಟು ವರ್ಷ ಅಪ್‌ಡೇಟ್ ಕೊಡುವವರು ಯಾರು?

ಕಾರಿಗೆ ಬರೋಣ. ಇಲ್ಲಿ ಪಣ ದೊಡ್ಡದು.

ಸ್ವೀಡನ್ನಿನ ವೀ ಬಿಲೆಗಾರೆ ಪತ್ರಿಕೆ 2022ರಲ್ಲಿ ಒಂದು ಸರಳ ಪರೀಕ್ಷೆ ಮಾಡಿತು. ಗಂಟೆಗೆ 110 ಕಿಲೋಮೀಟರ್ ವೇಗದಲ್ಲಿ, ಸೀಟ್ ಹೀಟರ್, ರೇಡಿಯೋ, ಟ್ರಿಪ್ ಮೀಟರ್, ಡ್ಯಾಶ್‌ಬೋರ್ಡಿನ ಬೆಳಕು ಇಂಥ ಸಣ್ಣ ಕೆಲಸಗಳನ್ನು ಮುಗಿಸಲು ಎಷ್ಟು ಹೊತ್ತು ಬೇಕು? ಚಾಲಕರಿಗೆ ಮೊದಲೇ ಕಾರಿನ ಪರಿಚಯ ಮಾಡಿಕೊಳ್ಳಲು ಸಮಯ ಕೊಟ್ಟಿದ್ದರು. ಗುಂಡಿಗಳೇ ಇರುವ 2005ರ ವೋಲ್ವೋ ವಿ70ಯಲ್ಲಿ 10 ಸೆಕೆಂಡು, ಅಷ್ಟರಲ್ಲಿ ಕಾರು ಓಡಿದ್ದು 306 ಮೀಟರ್. ದೊಡ್ಡ ಪರದೆಯ ಎಂಜಿ ಮಾರ್ವೆಲ್ ಆರ್‌ನಲ್ಲಿ 44.9 ಸೆಕೆಂಡು, 1,372 ಮೀಟರ್. ತಿರುಗುಗುಂಡಿಯನ್ನು ಕೈ ತಾನೇ ಹುಡುಕಿಕೊಳ್ಳುತ್ತದೆ. ಪರದೆಗೆ ಕಣ್ಣೇ ಹೋಗಬೇಕು, ಹಳ್ಳ ಬಿದ್ದ ರಸ್ತೆಯಲ್ಲಿ ಬೆರಳೂ ಗುರಿ ತಪ್ಪುತ್ತದೆ.

ಹಡಗಿನಲ್ಲೂ ಇದೇ ಆಯಿತು. 2017ರ ಆಗಸ್ಟ್ 21ರಂದು ಸಿಂಗಾಪುರದ ಬಳಿ ಅಮೆರಿಕದ ಜಾನ್ ಎಸ್. ಮೆಕೇನ್ ಯುದ್ಧನೌಕೆ ತೈಲ ಹಡಗಿಗೆ ಡಿಕ್ಕಿಯಾಗಿ ಹತ್ತು ನಾವಿಕರು ಸತ್ತರು. ಟಚ್‌ಸ್ಕ್ರೀನಿನಲ್ಲಿ ಚುಕ್ಕಾಣಿಯ ನಿಯಂತ್ರಣ ಬೇರೆ ಕಡೆಗೆ ವರ್ಗವಾಗಿದ್ದೂ, ಎರಡು ಪ್ರೊಪೆಲ್ಲರ್‌ಗಳ ಥ್ರಾಟಲ್ (ವೇಗದ ನಿಯಂತ್ರಣ) ಜೋಡಿ ಬಿಟ್ಟದ್ದೂ ಸಿಬ್ಬಂದಿಗೆ ತಿಳಿಯಲಿಲ್ಲ. ತನಿಖೆಯ ನಂತರ ನೌಕಾಪಡೆ ಕೈಯಲ್ಲಿ ಹಿಡಿಯುವ ಥ್ರಾಟಲ್‌ಗಳಿಗೆ ಮರಳಲು ತೀರ್ಮಾನಿಸಿತು. ಕಾರುಗಳ ಸುರಕ್ಷತೆ ಪರೀಕ್ಷಿಸಿ ಅಂಕ ಕೊಡುವ ಯೂರೋ ಎನ್‌ಕ್ಯಾಪ್ ಸಂಸ್ಥೆಯೂ 2026ರಿಂದ ಇಂಡಿಕೇಟರ್, ಹಜಾರ್ಡ್ ದೀಪ, ಹಾರ್ನ್, ವೈಪರ್, ತುರ್ತು ಕರೆ ಇವಕ್ಕೆ ಬೇರೆ ಗುಂಡಿಯೋ ಕಡ್ಡಿಯೋ ಇಲ್ಲದ ಕಾರಿಗೆ ಪೂರ್ತಿ ಅಂಕ ಕೊಡುವುದಿಲ್ಲ ಎಂದಿದೆ.

ಪರದೆ ಕೆಟ್ಟರೆ ಜೊತೆಗೆ ಏನೇನು ಹೋಗುತ್ತದೆ ಅನ್ನುವುದಕ್ಕೆ ಟೆಸ್ಲಾದ 2021ರ ರೀಕಾಲ್ ಒಳ್ಳೆಯ ಪಾಠ. ಸುಮಾರು 1,35,000 ಹಳೆಯ ಮಾಡೆಲ್ ಎಸ್ ಮತ್ತು ಎಕ್ಸ್ ಕಾರುಗಳ ಕೇಂದ್ರ ಕಂಪ್ಯೂಟರಿನಲ್ಲಿ 8 ಜಿಬಿಯ ಫ್ಲ್ಯಾಶ್ ಮೆಮೊರಿ ಇತ್ತು. ಫ್ಲ್ಯಾಶ್‌ನ ಒಂದೊಂದು ಕೋಶವನ್ನೂ ಅಳಿಸಿ ಬರೆಯಲು ಮಿತಿ ಇದೆ, ಇಲ್ಲಿ ಸುಮಾರು 3,000 ಸಲ. ಕಾರು ದಿನವೂ ಅದಕ್ಕೆ ಮಾಹಿತಿ ಬರೆಯುತ್ತಾ ಐದಾರು ವರ್ಷದಲ್ಲಿ ಸವೆಸಿತು. ಆಮೇಲೆ ಹಿಂಬದಿ ಕ್ಯಾಮೆರಾ ಇಲ್ಲ, ಗಾಜಿನ ಮಂಜು ತೆಗೆಯುವ ನಿಯಂತ್ರಣವೂ ಇಲ್ಲ. ಮೋಟಾರು, ಬ್ಯಾಟರಿ ಸರಿಯಾಗಿಯೇ ಇದ್ದವು.

ಇದಕ್ಕೆ ಎದುರಾಗಿ, ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ನೋಡಿ. ಅದೂ ಪೂರ್ತಿ ಎಲೆಕ್ಟ್ರಾನಿಕ್ಸೇ. ಭಾರತದಲ್ಲಿ 2019ರ ಏಪ್ರಿಲ್‌ನಿಂದ ಕಾರುಗಳಿಗೆ ಕಡ್ಡಾಯ. ಚಕ್ರದ ಸೆನ್ಸರಿಗೆ ಕೆಸರು ಮೆತ್ತಿಯೋ ವೈರು ತುಂಡಾಗಿಯೋ ಅದು ಕೈಬಿಟ್ಟರೆ ಹಳದಿ ದೀಪ ಹೊತ್ತುತ್ತದೆ, ಹೈಡ್ರಾಲಿಕ್ ಬ್ರೇಕು ಎಂದಿನಂತೆ ಹಿಡಿಯುತ್ತದೆ. ಎಲೆಕ್ಟ್ರಿಕ್ ಪವರ್ ಸ್ಟೀರಿಂಗೂ ಹಾಗೇ, ಭಾರವಾಗುತ್ತದೆ, ಆದರೆ ಚಕ್ರ ತಿರುಗುತ್ತದೆ. ವಿನ್ಯಾಸ ಮಾಡಿದವರು ಕೆಡುವ ದಿನವನ್ನು ಯೋಚಿಸಿದ್ದರು.

ನಮ್ಮಲ್ಲಿ ಜನ ಹೆಚ್ಚು ಹಣ ಕೊಡುವುದು ಸನ್‌ರೂಫಿಗೆ. ಅದು ನೀರು ಸೋರದ ಮುಚ್ಚಳವಲ್ಲ, ಇದನ್ನು ಮಾರುವವರು ಹೇಳುವುದಿಲ್ಲ. ಗಾಜಿನ ಸುತ್ತ ಇಳಿಯುವ ನೀರು ಒಂದು ತಟ್ಟೆಗೆ ಬಿದ್ದು, ಸಾಮಾನ್ಯವಾಗಿ ನಾಲ್ಕು ಮೂಲೆಯ ಕೊಳವೆಗಳ ಮೂಲಕ ಕಂಬಗಳೊಳಗಿಂದ ಕೆಳಗೆ ಹೋಗುತ್ತದೆ. ಮರದ ಕೆಳಗೆ ನಿಲ್ಲಿಸುವ ಕಾರಿನಲ್ಲಿ ಎಲೆಪುಡಿ, ಹೂವಿನ ರಜ ಸೇರಿ ಕೊಳವೆ ಕಟ್ಟುತ್ತದೆ. ಮಳೆಗಾಲದಲ್ಲಿ ಕಾಲ ಬಳಿಯ ಕಾರ್ಪೆಟ್ ಒದ್ದೆಯಾದಾಗ ಗೊತ್ತಾಗುತ್ತದೆ, ಅಷ್ಟರಲ್ಲಿ ಅದರ ಕೆಳಗಿನ ವೈರಿಂಗ್ ಕನೆಕ್ಟರುಗಳಿಗೆ ಹಸಿರು ಕಿಲುಬು ಹಿಡಿದಿರುತ್ತದೆ. ಮೇ ತಿಂಗಳಲ್ಲಿ ಒಮ್ಮೆ ಪರೀಕ್ಷಿಸಿ: ರೂಫ್ ತೆರೆದು ಒಂದೊಂದು ಮೂಲೆಗೂ ಅರ್ಧ ಲೋಟ ನೀರು ಮೆಲ್ಲಗೆ ಸುರಿಯಿರಿ, ಚಕ್ರದ ಬಳಿ ತೊಟ್ಟಿಕ್ಕಬೇಕು. ಕಟ್ಟಿದ್ದರೆ ಹುಲ್ಲು ಕತ್ತರಿಸುವ ಯಂತ್ರದ ನೈಲಾನ್ ದಾರವನ್ನು ನಿಧಾನಕ್ಕೆ ಒಳಗೆ ಬಿಡಿ. ಗ್ಯಾರೇಜಿನ ಹೈ ಪ್ರೆಶರ್ ಗಾಳಿ ಬೇಡ. ಕಂಬದೊಳಗೆ ಕೊಳವೆಯ ಕೀಲು ಕಳಚಿದರೆ ಒಳಗಿನ ಲೈನಿಂಗ್ ಎಲ್ಲ ಬಿಚ್ಚಬೇಕು.

ಎಲೆಕ್ಟ್ರಾನಿಕ್ ಪಾರ್ಕಿಂಗ್ ಬ್ರೇಕ್ ಇದ್ದವರು ಒಂದು ಮಾತು ನೆನಪಿಡಿ. ಹಿಂದಿನ ಬ್ರೇಕ್ ಪ್ಯಾಡ್ ಬದಲಿಸುವಾಗ ಸ್ಕ್ಯಾನರ್ ಹಚ್ಚಿಯೋ ಕಾರಿನಲ್ಲೇ ಕೊಟ್ಟ ಕ್ರಮದಿಂದಲೋ ಸರ್ವಿಸ್ ಮೋಡಿಗೆ ಹಾಕಿ ಮೋಟಾರಿನಿಂದ ಪಿಸ್ಟನ್ ಹಿಂದಕ್ಕೆ ಸರಿಸಬೇಕು. ಹಳೆಯ ಅಭ್ಯಾಸದಂತೆ ಕ್ಲ್ಯಾಂಪ್ ಹಾಕಿ ಒತ್ತಿದರೆ ಒಳಗಿನ ಸಣ್ಣ ಗೇರು ಮುರಿಯುತ್ತದೆ. ಕೇಬಲ್ಲಿನ ಹ್ಯಾಂಡ್‌ಬ್ರೇಕಿಗೆ ಸ್ಪ್ಯಾನರ್ ಸಾಕಿತ್ತು. ಹೆಡ್‌ಲೈಟಿನಲ್ಲೂ ಅಷ್ಟೇ. ಹಳೆಯ ಬಗೆಯ ಎಚ್4 ಹ್ಯಾಲೊಜೆನ್ ಬಲ್ಬು ಯಾವ ಊರಿನಲ್ಲೂ ಸಿಗುತ್ತದೆ, ಎಲ್‌ಇಡಿ ಬೆಳಕು ಚೆನ್ನಾಗಿದ್ದರೂ ಒಂದು ಪಟ್ಟಿ ಆರಿದರೆ ಬಹಳ ಕಾರುಗಳಲ್ಲಿ ಇಡೀ ದೀಪವನ್ನೇ ಬದಲಿಸಬೇಕು.

ಸಭೆಯಲ್ಲಿ ಒಬ್ಬರು ಕೇಳಿದರು: ಮೊದಲೇ ಕೊಂಡಾಗಿದೆ, ಈಗೇನು ಮಾಡೋಣ? ವೈಫೈ ಜೋಡಿಸದೆಯೂ ನಡೆಯುತ್ತಿದ್ದರೆ ಜೋಡಿಸಬೇಡಿ. ಜೋಡಿಸಲೇಬೇಕಿದ್ದರೆ ರೌಟರಿನಲ್ಲಿ ನಿಮ್ಮ ಫೋನು, ಕಂಪ್ಯೂಟರಿನಿಂದ ಬೇರೆಯಾದ ಗೆಸ್ಟ್ ನೆಟ್‌ವರ್ಕ್ ಮಾಡಿ, ಅದನ್ನು 2.4 ಗಿಗಾಹರ್ಟ್ಸ್‌ನಲ್ಲಿ ಇಡಿ. ಬಹಳ ಯಂತ್ರಗಳಿಗೆ 5 ಕಾಣುವುದೇ ಇಲ್ಲ. ಮುಂದೆ ರೌಟರ್ ಬದಲಿಸಿದಾಗ ಹಳೆಯ ಹೆಸರು, ಹಳೆಯ ಪಾಸ್‌ವರ್ಡನ್ನೇ ಆ ಗೆಸ್ಟ್ ನೆಟ್‌ವರ್ಕಿಗೆ ಕೊಟ್ಟರೆ ಒಂದೊಂದನ್ನೂ ಮತ್ತೆ ಜೋಡಿಸುವ ಪಾಡು ತಪ್ಪುತ್ತದೆ. ಹೊಸದು ಕೊಳ್ಳುವವರು ಬಿಡಿಭಾಗ ಎಷ್ಟು ವರ್ಷ ಸಿಗುತ್ತದೆ ಎಂದು ಲಿಖಿತವಾಗಿ ಕೇಳಿ. ಯುರೋಪಿನಲ್ಲಿ 2021ರಿಂದ ಫ್ರಿಜ್ಜಿಗೆ 7 ವರ್ಷ, ವಾಷಿಂಗ್ ಮಷಿನ್ನಿಗೆ 10 ವರ್ಷ ಮುಖ್ಯ ಬಿಡಿಭಾಗ ಕೊಡಲೇಬೇಕೆಂಬ ನಿಯಮವಿದೆ. ಅಲ್ಲೂ ಮಾರುವ ಕಂಪನಿಗಳಿಗೆ ಇಲ್ಲಿ ಈ ಪ್ರಶ್ನೆ ಹೊಸದಲ್ಲ.

ಇನ್ನೊಬ್ಬರು ಸೆಕೆಂಡ್ ಹ್ಯಾಂಡ್ ಕಾರಿನ ಬಗ್ಗೆ ಕೇಳಿದರು. ಆ್ಯಪಿಗೆ ಜೋಡಿಸಿದ ಕಾರನ್ನು ಕೊಳ್ಳುವಾಗ ಆರ್‌ಸಿ ವರ್ಗಾವಣೆ ಮಾತ್ರ ಸಾಲದು. ಹಳೆಯ ಮಾಲೀಕರು ತಮ್ಮ ಖಾತೆಯಿಂದ ಕಾರನ್ನು ತೆಗೆಯದಿದ್ದರೆ ಅದು ಎಲ್ಲಿದೆ ಎಂದು ಅವರ ಫೋನಿನಲ್ಲಿ ಕಾಣುತ್ತಿರಬಹುದು, ಕೆಲವು ಕಾರುಗಳ ಬಾಗಿಲನ್ನೂ ತೆರೆಯಬಹುದು. ಹಣದ ಕೊನೆಯ ಕಂತು ಕೊಡುವ ಮುಂಚೆ ಅವರ ಎದುರೇ ಆ್ಯಪಿನಿಂದ ಕಾರು ತೆಗೆಸಿ, ಪರದೆಯ ಸೆಟ್ಟಿಂಗಿನಲ್ಲಿ ಫ್ಯಾಕ್ಟರಿ ರೀಸೆಟ್ ಮಾಡಿಸಿ, ಎರಡೂ ಕೀಲಿ ಕೈಗೆ ತೆಗೆದುಕೊಳ್ಳಿ. ಸ್ಮಾರ್ಟ್ ಕೀ ಆದರೆ ಅದರೊಳಗೆ ಅಡಗಿರುವ ಲೋಹದ ಕೀಲಿಯನ್ನು ಎಳೆದು, ಚಾಲಕನ ಬಾಗಿಲಿಗೆ ಹಾಕಿ ತಿರುಗಿಸಿ ನೋಡಿ. ಬ್ಯಾಟರಿ ಸತ್ತ ದಿನ ಒಳಹೋಗಲು ಇರುವುದು ಅದೊಂದೇ, ವರ್ಷಗಟ್ಟಲೆ ಮುಟ್ಟದ ಆ ಬೀಗ ಎಷ್ಟೋ ಕಾರುಗಳಲ್ಲಿ ತುಕ್ಕು ಹಿಡಿದು ಕೂತಿರುತ್ತದೆ.